ಅತ್ತೆಯ ಅಳತೆಯ ಗುಂಡಿ

ಅಂದಾಜಪ್ಪ ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ಸರಿಯಾಗಿ ಅಳತೆ ತೆಗೆದುಕೊಂಡ. ಊರೆಲ್ಲ ಸೇರಿ ಅವನ ಅತ್ತೆಯನ್ನು ಹೂಳಲು ಹೊರಟದ್ದು ಆ ಅಳತೆಯಿಂದಲೇ.

ಅದಕ್ಕೆ ಮುಂಚೆ ಅವನು ಅಳೆದವನಲ್ಲ. ಟೇಪು, ತಕ್ಕಡಿ, ಅಡಿಪಟ್ಟಿ ಇವೆಲ್ಲ ಕಣ್ಣಿಲ್ಲದವರಿಗೆ ಎಂದು ಅವನು ನಂಬಿದ್ದ. "ಅಂದಾಜು ಇಷ್ಟಿರುತ್ತೆ ಬಿಡಿ" ಎಂದು ಕೈ ಬೀಸಿದನೆಂದರೆ ಅಲ್ಲಿಗೆ ಆ ವಿಷಯ ಮುಗಿಯಿತು. ಹಾಗೆ ಬೀಸಿದ ಕೈಗಳ ಸ್ಮಾರಕಗಳು ಮನೆ ತುಂಬ ಇದ್ದವು. ಬಚ್ಚಲಮನೆಯ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ನೆಲದ ಮೇಲೆ ಬಕೆಟ್ ಇದ್ದರೆ ತೆರೆಯುತ್ತಿರಲಿಲ್ಲ. ಆದ್ದರಿಂದ ಸ್ನಾನಕ್ಕೆ ಹೋಗುವವರು ಬಕೆಟ್ಟನ್ನು ಎದೆಗೆ ಅಪ್ಪಿಕೊಂಡು ಒಳಗೆ ಹೋಗಿ, ಬೆನ್ನಿನಿಂದ ಬಾಗಿಲು ಒತ್ತಿ, ಆಮೇಲೆ ಕೆಳಗಿಡಬೇಕಿತ್ತು. ಕೋಣೆಯೊಳಗೇ ಕೂತು ಬಡಗಿ ಮಾಡಿದ ಮಂಚ ಆ ಕೋಣೆಯಿಂದ ಎಂದೂ ಹೊರಗೆ ಬರಲಿಲ್ಲ. ಊಟದ ಮನೆಯಾಗಬೇಕಿದ್ದ ಕೋಣೆ ಮಲಗುವ ಕೋಣೆಯಾಯಿತು. ಕೊಟ್ಟಿಗೆಯಲ್ಲಿ ಅವನು ಕಟ್ಟಿಸಿದ ಗೋದಲಿ ಎಷ್ಟು ಎತ್ತರವಿತ್ತೆಂದರೆ ಕರುಗಳು ಹುಲ್ಲನ್ನು ವಾಸನೆಯಿಂದ ಮಾತ್ರ ಬಲ್ಲವಾಗಿದ್ದವು. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಮೂಲೆಗೆ ಸೇರಿ, ಕರೆಂಟ್ ಬಿಲ್ ಕೊಡುವವನು ಕೂಡ "ಅಂದಾಜಪ್ಪೋರೇ" ಎಂದೇ ಕೂಗುತ್ತಿದ್ದ.

ಮನೆ ಅವನದಲ್ಲ, ಅತ್ತೆಯದು. ಅಂದಾಜಪ್ಪ ಮನೆಯಳಿಯ. ಹಸುಗಳೂ ಅತ್ತೆಯವೇ, ಹನ್ನೊಂದು. ನಲವತ್ತು ವರ್ಷದಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅತ್ತೆ ಕುಕ್ಕರುಗಾಲಲ್ಲಿ ಕೂತು, ಪಾತ್ರೆಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಹನ್ನೊಂದನ್ನೂ ತಾವೇ ಕರೆಯುತ್ತಿದ್ದರು. ಮಗಳಿಗೆ ಬಿಡುತ್ತಿರಲಿಲ್ಲ. "ಅದು ಕೈಯಲ್ಲ, ಇಕ್ಕಳ" ಎನ್ನುತ್ತಿದ್ದರು. ಅಳಿಯನ ಪ್ರಶ್ನೆಯೇ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಅವನು ಒಮ್ಮೆ ಕೆಚ್ಚಲಿಗೆ ಕೈ ಹಾಕಿದಾಗ ಕೆಂಪು ಹಸು ಒದ್ದಿತ್ತು. ಅತ್ತೆ ಆ ಹಸುವಿನ ಅಭಿಪ್ರಾಯವನ್ನು ಹನ್ನೆರಡು ವರ್ಷದಿಂದ ಗೌರವಿಸಿಕೊಂಡು ಬಂದಿದ್ದರು.

ಆದರೆ ಮಂಡಿಗಳು ಅತ್ತೆಯ ಮಾತು ಕೇಳುವುದನ್ನು ಬಿಟ್ಟಿದ್ದವು. ಒಂದು ಹಸುವಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮೊದಲು ಒಂದು ಕೈ ಹಸುವಿನ ತೊಡೆಯ ಮೇಲೆ, ಆಮೇಲೆ ಇನ್ನೊಂದು ಕೈ ಸ್ವಂತ ತೊಡೆಯ ಮೇಲೆ, ಕೊನೆಗೆ "ಅಯ್ಯಮ್ಮಾ" ಎಂಬ ಒಂದು ಉದ್ಗಾರ. ಎದ್ದ ಮೇಲೂ ಸೊಂಟ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಏನೋ ಕಳೆದುಕೊಂಡು ಹುಡುಕುವವರ ಹಾಗೆ ನೆಲ ನೋಡುತ್ತಲೇ ನಡೆಯುತ್ತಿದ್ದರು. ಡಾಕ್ಟರು ಮಗಳನ್ನೂ ಅಳಿಯನನ್ನೂ ಪಕ್ಕಕ್ಕೆ ಕರೆದು ಹೇಳಿದ್ದರು: "ಇನ್ನೊಂದು ವರ್ಷ ಹೀಗೇ ಕೂತರೆ ಆಮೇಲೆ ಇವರು ಏಳೋದಿಲ್ಲ. ಮಂಡಿ ಉಳಿಸ್ಕೋತಾರೋ, ಹಸು ಉಳಿಸ್ಕೋತಾರೋ, ಕೇಳಿ."

ಕೇಳಿದರು. ಅತ್ತೆ ಆ ಡಾಕ್ಟರ ಹತ್ತಿರ ಹೋಗುವುದನ್ನು ನಿಲ್ಲಿಸಿದರು.

ಆ ದಿನಗಳಲ್ಲೇ ಹಾಲಿನ ಡೈರಿಯಲ್ಲಿ ಒಂದು ದಿನದ ತರಬೇತಿ ಇದೆ ಎಂದು ಚೀಟಿ ಬಂತು. ಅಂದಾಜಪ್ಪನನ್ನು ಹೆಂಡತಿ ದಬ್ಬಿ ಕಳಿಸಿದಳು. ಪಾಠ ಮಾಡಿದವಳು ಕಡ್ಡಿಯಂಥ ಒಬ್ಬ ಹೆಂಗಸು. ಹಲಗೆಯ ಮೇಲೆ ಒಂದು ಹಸು ಬರೆದಳು, ಕೆಳಗೆ ಕುಕ್ಕರುಗಾಲಲ್ಲಿ ಕೂತ ಮನುಷ್ಯನನ್ನು ಬರೆದಳು, ಮನುಷ್ಯನ ಮೇಲೆ ಅಡ್ಡಗೆರೆ ಎಳೆದಳು.

"ಹಾಲು ಕರೆಯೋರು ಬಗ್ಗಬಾರದು. ದಾರಿ ಎರಡೇ. ಹಸುವನ್ನ ಏರಿಸಿ, ಇಲ್ಲಾ ಮನುಷ್ಯರನ್ನ ಇಳಿಸಿ."

ಅಂದಾಜಪ್ಪನಿಗೆ ಮೈ ಜುಮ್ಮೆಂದಿತು. ಇಂಥ ಮಾತನ್ನು ಅವನು ಈವರೆಗೆ ಕೇಳಿರಲಿಲ್ಲ. ಹಸುಗಳು ಎರಡು ಸಾಲಿನಲ್ಲಿ ಮೇಲೆ ನಿಲ್ಲುತ್ತವೆ. ನಡುವೆ ಉದ್ದನೆಯ ಗುಂಡಿ. ಕರೆಯುವವರು ಆ ಗುಂಡಿಯಲ್ಲಿ ನೆಟ್ಟಗೆ ನಿಂತು ಕೈ ಚಾಚಿದರೆ ಕೆಚ್ಚಲು ತಾನೇ ಕೈಗೆ ಬರುತ್ತದೆ. ಕೂರುವುದೂ ಇಲ್ಲ, ಏಳುವುದೂ ಇಲ್ಲ. ಅವನು ಎದ್ದು ನಿಂತು ಕೇಳಿದ: "ಅಂದಾಜು ಎಷ್ಟು ಆಳ ತೋಡಬೇಕು ಮೇಡಂ?"

ತರಗತಿಯಲ್ಲಿ ಯಾರೋ ಕೆಟ್ಟ ಮಾತಾಡಿದರೇನೋ ಎಂಬಂತೆ ಮೇಡಂ ಅವನನ್ನು ನೋಡಿದರು. "ಅಂದಾಜಾ? ಒಂದು ಅಂಗುಲ ತಪ್ಪಿದರೆ ಆಯಸ್ಸೆಲ್ಲ ಬೆನ್ನು ಬಗ್ಗಿಸ್ತಾರೆ. ಯಾರು ಕರೀತಾರೋ ಅವರ ಅಳತೆಗೆ ಗುಂಡಿ. ನಿಮ್ಮನೇಲಿ ಯಾರು?"

"ನಮ್ಮತ್ತೆ."

"ಹಾಗಾದ್ರೆ ಮೊದಲು ಅತ್ತೆಯನ್ನ ಅಳೀರಿ."

ಕರೆಯುವವರ ಎತ್ತರ ಇಷ್ಟಿದ್ದರೆ ಗುಂಡಿಯ ಆಳ ಇಷ್ಟು ಎಂಬ ಒಂದು ಪಟ್ಟಿಯನ್ನು ಕೊಟ್ಟು ಕಳಿಸಿದರು. ಪಟ್ಟಿಯ ತಲೆಯ ಮೇಲೆ ದಪ್ಪಕ್ಷರದಲ್ಲಿ 'ಮಿಲ್ಕಿಂಗ್ ಪಾರ್ಲರ್' ಎಂದಿತ್ತು. ಅಂದಾಜಪ್ಪ ದಾರಿಯಲ್ಲೇ ಆ ಪದವನ್ನು ಮಡಿಸಿ ಒಳಗಿಟ್ಟ. ಅವರ ಬೀದಿಯಲ್ಲಿ ಇದ್ದ ಪಾರ್ಲರ್ ಒಂದೇ, ಅಲ್ಲಿ ಹುಬ್ಬು ತೀಡುತ್ತಿದ್ದರು. ಅಂದಾಜಪ್ಪ ಅತ್ತೆಗೆ ಪಾರ್ಲರ್ ಹಾಕಿಸುತ್ತಾನಂತೆ ಎಂದು ಒಬ್ಬನ ಕಿವಿಗೆ ಬಿದ್ದರೆ ಸಾಕು, ಅವನು ಚಹಾದ ಅಂಗಡಿಯ ಮುಂದೆ ತಲೆಯೆತ್ತಿ ನಡೆಯುವ ಹಾಗಿಲ್ಲ. ಮಾನ ದೊಡ್ಡದು. ಆದ್ದರಿಂದ ಬರೀ 'ಗುಂಡಿ' ಎನ್ನುವುದೆಂದು ನಿಶ್ಚಯಿಸಿದ. ಪಾರ್ಲರ್ ಎಂದಿದ್ದರೆ ಊರು ಎರಡು ದಿನ ನಗುತ್ತಿತ್ತು. ಗುಂಡಿ ಎಂದದ್ದರಿಂದ ಹನ್ನೊಂದು ದಿನ ಅತ್ತಿತು.

ಆ ಸಂಜೆ ಗಂಡ ಹೆಂಡತಿ ಕೂತು ಗಂಭೀರವಾಗಿ ಚರ್ಚಿಸಿದರು. ಹಸುವನ್ನು ಏರಿಸುವುದೋ, ಅತ್ತೆಯನ್ನು ಇಳಿಸುವುದೋ.

"ಏರಿಸೋದಾದ್ರೆ ಹನ್ನೊಂದು ಹಸು ಏರಬೇಕು. ಅದಕ್ಕಿಂತ ಒಬ್ಬ ಅತ್ತೆಯನ್ನ ಇಳಿಸೋದು ಸಲೀಸು" ಎಂದ ಅಂದಾಜಪ್ಪ.

"ನಮ್ಮಮ್ಮನ್ನ ನೀವಿನ್ನೂ ಸರಿಯಾಗಿ ನೋಡಿಲ್ಲ ಬಿಡಿ" ಎಂದಳು ಹೆಂಡತಿ. "ಮೊದಲೇ ಹೇಳಿದ್ರೆ ಖಂಡಿತ ಇಳಿಯಲ್ಲ. ಎಲ್ಲ ಮುಗಿದ ಮೇಲೆ ಕೈ ಹಿಡಿದು ಕರ್ಕೊಂಡ್ಹೋಗಿ ತೋರಿಸೋಣ. ಅಲ್ಲೀತನಕ ಗೊಬ್ಬರದ ಗುಂಡಿ ಅನ್ನೋಣ. ಅಮ್ಮನ ಕಿವಿಗೆ ಮಾತ್ರ ಬೀಳಬಾರದು ರೀ."

ಮರುದಿನ ಬೆಳಿಗ್ಗೆ ಅಂದಾಜಪ್ಪ ಹೊಸ ಟೇಪು ಜೇಬಿನಲ್ಲಿಟ್ಟುಕೊಂಡು ಕೊಟ್ಟಿಗೆಯ ಕಂಬದ ಹಿಂದೆ ನಿಂತ. ಅತ್ತೆ ಹನ್ನೊಂದನೆಯ ಹಸುವಿನ ಸರದಿ ಮುಗಿಸಿ, "ಅಯ್ಯಮ್ಮಾ" ಎಂದು ಎದ್ದು, ಪಾತ್ರೆಯನ್ನು ಕೊಕ್ಕೆಗೆ ತಗಲಿಸಲು ಕಂಬದ ಪಕ್ಕ ಬಂದು ನಿಂತರು. ಅವನು ಹಿಂದಿನಿಂದ ಉಸಿರು ಬಿಗಿಹಿಡಿದು ಅವರ ನೆತ್ತಿಯ ಮಟ್ಟಕ್ಕೆ ಪೆನ್ಸಿಲಿನಿಂದ ಕಂಬದ ಮೇಲೆ ಗೆರೆ ಎಳೆದ.

"ಏನಳಿಯಂದಿರೇ, ಬೆನ್ನ ಹಿಂದೆ?"

"ನೊಣ ಅತ್ತೆ."

ಆಮೇಲೆ ಟೇಪು ಹಿಡಿದು ಮೂರು ಸಲ ಅಳೆದ. ಮೂರು ಸಲವೂ ನಾಲ್ಕು ಅಡಿ ಎಂಟು ಅಂಗುಲ. ಪಟ್ಟಿಯ ಪ್ರಕಾರ ಗುಂಡಿಯ ಆಳ ಎರಡು ಅಡಿ ಎಂಟು ಅಂಗುಲ. ತನ್ನ ಜನ್ಮದಲ್ಲಿ ಮೊದಲ ಬಾರಿಗೆ 'ಅಂದಾಜು' ಎಂಬ ಮಾತನ್ನು ಮುಂದೆ ಹಚ್ಚದೆ ಒಂದು ಸಂಖ್ಯೆಯನ್ನು ಉಚ್ಚರಿಸಿದ ಸಂಭ್ರಮದಲ್ಲಿ ಅವನು ಸೀದಾ ಸಿಮೆಂಟ್ ಅಂಗಡಿಗೆ ನಡೆದ.

ಅಂಗಡಿಯವನು ಕಿವಿಯ ಮೇಲಿನ ಪೆನ್ಸಿಲು ತೆಗೆದ. "ಯಾವುದಕ್ಕೆ ಸಿಮೆಂಟು?"

"ಗುಂಡಿಗೆ."

"ಗೊಬ್ಬರದ್ದಾ?"

ಅಂದಾಜಪ್ಪ ಸುತ್ತ ನೋಡಿ ದನಿ ತಗ್ಗಿಸಿದ. "ಹೊರಗೆ ಹಾಗೇ ಹೇಳ್ತಿದೀವಿ. ನಿಮ್ಮ ಹತ್ರ ಮುಚ್ಚುಮರೆ ಯಾಕೆ? ಅತ್ತೆಗೆ."

ಪೆನ್ಸಿಲು ನಿಂತಿತು. "ಅತ್ತೆಗೆ ಏನಾಯ್ತು?"

"ಡಾಕ್ಟ್ರು ಕೈ ಚೆಲ್ಲಿಬಿಟ್ರು. ಇನ್ನು ಏಳೋದಿಲ್ಲ ಅಂದ್ರು. ನಾನೂ ನನ್ನ ಹೆಂಡ್ತಿನೂ ಕೂತು ಮಾತಾಡಿದ್ವಿ. ಎಷ್ಟು ದಿನ ಅಂತ ಹಾಗೇ ನೋಡ್ಕೊಂಡಿರೋದು? ಇಳಿಸಿಬಿಡೋದೇ ಸರಿ ಅನ್ನಿಸ್ತು."

"ಅಯ್ಯೋ. ಯಾವಾಗ ಹೋದ್ರು?"

"ಎಲ್ಲಿಗೆ? ಮನೇಲೇ ಇದಾರೆ. ಬೆಳಿಗ್ಗೆ ಕೂಡ ನನಗೆ ಬೈದ್ರು."

ಅಂಗಡಿಯವನು ಮೆಲ್ಲನೆ ಸಿಮೆಂಟ್ ಚೀಲದ ಮೇಲೆ ಕೂತ. "ಮತ್ತೆ... ಅಳತೆ?"

"ತಗೊಂಡೆ. ಅವರಿಗೆ ಗೊತ್ತಾಗದ ಹಾಗೆ, ಹಿಂದಿನಿಂದ. ಆಳ ಎರಡು ಅಡಿ ಎಂಟು ಅಂಗುಲ."

"ಸಾಲಲ್ಲ ಕಣ್ರೀ! ನಾಯಿ ಕೆದರುತ್ತೆ. ಎಲ್ರಿಗೂ ಆರಡಿ ಇರುತ್ತೆ."

"ಆರಡಿ ತೋಡಿದ್ರೆ ಕೈ ಎಟುಕಲ್ಲ" ಎಂದ ಅಂದಾಜಪ್ಪ, ತರಬೇತಿ ಪಡೆದವನ ಕನಿಕರದಿಂದ. "ಉದ್ದ ಮಾತ್ರ ಹದಿನೆಂಟಡಿ. ಇವತ್ತು ಅತ್ತೆ, ನಾಳೆ ನನ್ನ ಹೆಂಡ್ತಿನೂ ಇಳೀಬೇಕಾದವಳೇ. ಒಂದೇ ಖರ್ಚಲ್ಲಿ ಆಗಿಹೋಗ್ಲಿ. ಬೇಗ ಕಳಿಸಿ. ಕರೆಯೋ ಹೊತ್ತಿಗೆ ಸರಿಯಾಗಿ ಅತ್ತೆ ಇಳಿದುಬಿಡಬೇಕು. ಅದು ಒಂದು ಗಳಿಗೆ ಆಚೆ ಈಚೆ ಆಗೋ ಹಾಗಿಲ್ಲ."

ನಮ್ಮ ಭಾಷೆಯಲ್ಲಿ ಹಾಲನ್ನೂ ಕರೆಯುತ್ತೇವೆ, ಮೇಲಿನವನೂ ಕರೆಯುತ್ತಾನೆ. ಇಬ್ಬರಿಗೂ ಒಂದೇ ಕ್ರಿಯಾಪದವನ್ನು ಕೊಟ್ಟ ಹಿರಿಯರು ಸಿಮೆಂಟ್ ಅಂಗಡಿಯಲ್ಲಿ ಇಂಥ ಸಂದರ್ಭ ಬರಬಹುದೆಂದು ಎಣಿಸಿರಲಾರರು. ಅಂಗಡಿಯವನು ಒಮ್ಮೆ ಮೇಲೆ ಆಕಾಶ ನೋಡಿದ, ಒಮ್ಮೆ ಅಂದಾಜಪ್ಪನ ಮುಖ ನೋಡಿದ. ನಗುತ್ತಿರುವ ಮುಖ ಅದು.

"ಒಳ್ಳೇದು" ಎಂದ ಅಂಗಡಿಯವನು ಕೊನೆಗೆ. "ಒಳ್ಳೇ ಸಿಮೆಂಟೇ ಕಳಿಸ್ತೀನಿ. ನನ್ನಿಂದ ಆಗೋದು ಇಷ್ಟೇ."

ಮೇಸ್ತ್ರಿ ಬಂದು ಕೊಟ್ಟಿಗೆಯ ಪಕ್ಕದಲ್ಲಿ ನೂಲು ಕಟ್ಟಿ ಅಗೆಯಲು ಶುರುಮಾಡಿದ. ಅವನು ಮಾತಿನ ಮನುಷ್ಯನಲ್ಲ. ನಕ್ಷೆ ಕೊಟ್ಟರೆ ನಕ್ಷೆ ನೋಡುವನು, ಉಳಿದದ್ದು ದೇವರಿಗೆ ಬಿಟ್ಟದ್ದು. ಆದರೆ ಸಿಮೆಂಟ್ ಅಂಗಡಿಯವನಿಗೆ ಬಾಯಿ ಇತ್ತು, ಆ ಬಾಯಿಗೆ ದಿನಕ್ಕೆ ಅರವತ್ತು ಗಿರಾಕಿಗಳಿದ್ದರು. ಮೂರನೆಯ ದಿನದಿಂದ ಜನ ಬರತೊಡಗಿದರು.

ಅಂದಾಜಪ್ಪನ ಹೆಂಡತಿಯನ್ನು ಬಾಗಿಲಲ್ಲೇ ನಿಲ್ಲಿಸಿ ಕೈ ಹಿಡಿದು, "ಧೈರ್ಯ ತಂದ್ಕೊಳ್ಳಮ್ಮ" ಎಂದರು.

ಕಟ್ಟಡದ ಕೆಲಸಕ್ಕೆ ಕೈ ಹಾಕಿದವರಿಗೆ ಯಾರಾದರೂ ಹೇಳುವ ಮಾತೇ ಅದು. "ಧೈರ್ಯ ಇದೆ. ಆಗಬೇಕಾದ್ದು ಆಗಿಬಿಟ್ರೆ ನಮಗೂ ನಿರಾಳ" ಎಂದಳು ಅವಳು. "ಅಮ್ಮನಿಗೆ ಮಾತ್ರ ಹೇಳಬೇಡಿ."

ಜನ ಸೆರಗಿನಿಂದ ಕಣ್ಣೊತ್ತಿಕೊಂಡು ಒಳಗೆ ಹೋಗಿ, ಅತ್ತೆಯ ಮುಂದೆ ಕಿತ್ತಳೆ ಹಣ್ಣು ಇಟ್ಟು ಕೂತರು. ಅತ್ತೆ ಹುಲ್ಲು ಕಟ್ಟುತ್ತಾ ಎಲ್ಲರನ್ನೂ ಅನುಮಾನದಿಂದ ನೋಡಿದರು. "ಏನು ಎಲ್ರೂ ಒಟ್ಟಿಗೆ ಬಿಡುವಾಗಿಬಿಟ್ರಾ?" ಎಂದರು.

ಐದನೆಯ ದಿನ ಕಚೇರಿಯಿಂದ ಗುಮಾಸ್ತ ಬಂದ. ಗುಂಡಿಯ ಅಂಚಿನಲ್ಲಿ ನಿಂತು ಒಂದು ನಮೂನೆ ತೆಗೆದ.

"ಅನುಮತಿ ಇಲ್ಲದೆ ತೋಡ್ತಿದೀರಂತೆ."

"ಸ್ವಂತ ಹಿತ್ತಲಲ್ಲಿ ಸಾರ್."

"ಇಂಥದ್ದಕ್ಕೆ ಸ್ವಂತ ಹಿತ್ತಲಾದ್ರೂ ಅನುಮತಿ ಬೇಕು. ಫಲಾನುಭವಿ ಯಾರು?"

"ನಮ್ಮತ್ತೆ. ಅರವತ್ತೆಂಟು ವರ್ಷ."

"ತಾತ್ಕಾಲಿಕವೋ, ಶಾಶ್ವತವೋ?"

"ಶಾಶ್ವತ ಸಾರ್, ಕಾಂಕ್ರೀಟು. ನೂರು ವರ್ಷ ಅಲ್ಲಾಡಲ್ಲ. ಜಾಗ ಧಾರಾಳವಾಗಿದೆ, ಬೇಕಾದ್ರೆ ನೀವೂ ಒಂದ್ಸಲ ಇಳಿದು ನೋಡಿ."

ಗುಮಾಸ್ತ ಎರಡು ಹೆಜ್ಜೆ ಹಿಂದೆ ಸರಿದ. "ನಾನು ಬೇಡ. ವೈದ್ಯರ ಪತ್ರ ಇದೆಯಾ?"

"ದನದ ಡಾಕ್ಟ್ರು ಬಂದು ನೋಡಿದಾರೆ. ಎಲ್ಲ ಸರಿಯಾಗಿದೆ, ಮುಂದುವರಿಸಿ ಅಂದ್ರು."

"ದನದ ಡಾಕ್ಟ್ರಾ?" ಗುಮಾಸ್ತನ ಪೆನ್ನಿನಿಂದ ಶಾಯಿ ಒಂದು ಹನಿ ನಮೂನೆಯ ಮೇಲೆ ಬಿತ್ತು. "ಅತ್ತೆಯನ್ನ ದನದ ಡಾಕ್ಟ್ರಿಗೆ ತೋರಿಸಿದ್ರಾ?"

"ಅತ್ತೆಯನ್ನ ಯಾಕೆ ಸಾರ್, ಗುಂಡಿಯನ್ನ."

ಗುಮಾಸ್ತ ಮೂವತ್ತು ವರ್ಷದ ಸೇವೆಯಲ್ಲಿ ಹಲವು ಬಗೆಯ ಅರ್ಜಿದಾರರನ್ನು ಕಂಡಿದ್ದ. ಇವನು ದುಃಖದಿಂದ ಬುದ್ಧಿ ಕಲಕಿದವನು ಎಂದು ತೀರ್ಮಾನಿಸಿ, 'ಪರಿಶೀಲನೆಯಲ್ಲಿದೆ' ಎಂದು ಬರೆದುಕೊಂಡು ಹೋದ.

ಇಷ್ಟಾದರೂ ಅತ್ತೆಗೆ ಏನೂ ತೋಚಿರಲಿಲ್ಲ. ತೋಚಿದ್ದು ಪಕ್ಕದ ಮನೆಯ ದರ್ಜಿಯ ಹೆಂಡತಿ ಬಂದಾಗ. ಆರು ವರ್ಷದ ಹಿಂದೆ ಅತ್ತೆಯ ಕರು ಬೇಲಿ ದಾಟಿ ಅವಳ ಮನೆಯ ಹಗ್ಗದ ಮೇಲೆ ಒಣಹಾಕಿದ್ದ ಯಾರದೋ ಮದುವೆಯ ರವಿಕೆಯನ್ನು ಮೆದ್ದಿತ್ತು. ಅಂದಿನಿಂದ ಎರಡು ಮನೆಗೂ ಮಾತಿರಲಿಲ್ಲ. ಅಂಥವಳು ಒಳಗೆ ಬಂದು, ಅತ್ತೆಯ ಕಾಲ ಬಳಿ ಕೂತು, ಬಿಕ್ಕಿ ಬಿಕ್ಕಿ ಅತ್ತಳು.

"ಕರು ತಿಂದಿದ್ದು ಒಂದೇ ತೋಳು ಅಕ್ಕಾ. ನಾನೇ ಸಿಟ್ಟಿಗೆ ಇಡೀ ರವಿಕೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ಕ್ಷಮಿಸಿಬಿಡಿ. ಮನಸ್ಸಲ್ಲಿ ಇಟ್ಕೊಂಡು ಹೋಗಬೇಡಿ."

"ಎಲ್ಲಿಗೆ ಹೋಗಬೇಡಿ?" ಎಂದರು ಅತ್ತೆ.

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಓಡಿದಳು.

ಅತ್ತೆ ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟರು. ಸೂರ್ಯ ಪಶ್ಚಿಮದಲ್ಲಿ ಹುಟ್ಟಬಹುದು, ದರ್ಜಿಯ ಹೆಂಡತಿ ತಪ್ಪು ಒಪ್ಪಿಕೊಳ್ಳುವುದಿಲ್ಲ. ಒಪ್ಪಿಕೊಂಡಳೆಂದರೆ ವಿಷಯ ಮುಗಿದಿದೆ. ಕಿತ್ತಳೆ ಹಣ್ಣುಗಳ ರಾಶಿಯನ್ನು ನೋಡಿದರು. ಹಿತ್ತಲಿನಿಂದ ಕೇಳಿಬರುತ್ತಿದ್ದ ಹಾರೆಯ ಸದ್ದು ಕೇಳಿದರು. ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದದ್ದು ನೆನಪಾಯಿತು. ಮಗಳನ್ನು ಕೂಗಿದರು.

"ನಿಜ ಹೇಳು. ಎಷ್ಟು ದಿನ ಅಂದ್ರು?"

ಗುಟ್ಟು ರಟ್ಟಾಯಿತೆಂದು ಮಗಳು ತಲೆ ತಗ್ಗಿಸಿದಳು. "ಇನ್ನು ನಾಲ್ಕು ದಿನ ಅಂದಿದಾರೆ ಅಮ್ಮ."

"ನಿನ್ನ ಗಂಡನಿಗೆ ಗೊತ್ತಾ?"

"ಎಲ್ಲ ಅವರದೇ ಏರ್ಪಾಡು. ನಿಮಗೆ ಬೇಜಾರಾ ಅಮ್ಮ?"

ಅತ್ತೆ ಸೆರಗಿಗೆ ಅಂಟಿದ್ದ ಹುಲ್ಲಿನ ಕಡ್ಡಿಗಳನ್ನು ಒಂದೊಂದಾಗಿ ಆರಿಸಿ ಹಾಕಿದರು. "ಬೇಜಾರು ಯಾಕೆ. ಒಂದಲ್ಲ ಒಂದು ದಿನ ಇಳೀಲೇಬೇಕಲ್ಲ" ಎಂದರು. ಆಮೇಲೆ ಎದ್ದು ಹೇಳಿದರು: "ಪಾತ್ರೆ ತಗೊಂಡು ಬಾ. ನಾಲ್ಕು ದಿನದಲ್ಲಿ ಹನ್ನೊಂದನ್ನೂ ಹೇಳಿಕೊಡಬೇಕು."

ಮಗಳು ಬೆಕ್ಕಸಬೆರಗಾದಳು. ನಲವತ್ತು ವರ್ಷದಲ್ಲಿ ಇನ್ನೊಬ್ಬರ ಕೈಗೆ ಕೆಚ್ಚಲು ಬಿಡದ ಅಮ್ಮ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಹಸುವಿನ ಗುಟ್ಟು ಬಿಚ್ಚಿದರು. "ಕೆಂಪಿ ಹತ್ರ ಎಡಗಡೆಯಿಂದ ಬರಬೇಡ, ಅವಳಿಗೆ ಆ ಕಣ್ಣು ಮಂಜು, ಹೆದರಿ ಒದೀತಾಳೆ. ನಿನ್ನ ಗಂಡನಿಗೆ ಒದ್ದಿದ್ದೂ ಅದಕ್ಕೇ. ನಾನು ಅವರಿಗೆ ಹೇಳಿರ್ಲಿಲ್ಲ. ಚುಕ್ಕಿಗೆ ಮಾತಾಡ್ತಾ ಕರೀಬೇಕು, ಮಾತು ನಿಂತ್ರೆ ಹಾಲೂ ನಿಲ್ಲುತ್ತೆ. ಏನಾದ್ರೂ ಮಾತಾಡು, ಪಕ್ಕದ ಮನೆಯವರನ್ನ ಬೈದ್ರೂ ಆಗುತ್ತೆ. ಈ ಮುದುಕಿ ಹಾಲು ಕೊಡೋದು ನಿಂತು ಎರಡು ವರ್ಷ ಆಯ್ತು. ಆದ್ರೂ ದಿನಾ ಹೋಗಿ ಕೆಚ್ಚಲು ಮುಟ್ಟು. ಇಲ್ದಿದ್ರೆ ಬೇಜಾರ್ ಮಾಡ್ಕೋತಾಳೆ."

ಮಗಳು ಗಂಡನಿಗೆ ಬಂದು ಹೇಳಿದಳು: "ಅಮ್ಮ ಒಪ್ಪಿಬಿಟ್ರು ರೀ! ತಾವೇ ಇಳೀತೀನಿ ಅಂದ್ರು!" ಅಂದಾಜಪ್ಪ ಕಂಬದ ಮೇಲಿನ ಗೆರೆಯನ್ನು ಪ್ರೀತಿಯಿಂದ ಸವರಿದ. ಅಳತೆ ಸರಿಯಾಗಿದ್ದರೆ ಅತ್ತೆಯಂದಿರೂ ಸರಿಯಾಗುತ್ತಾರೆ ಎಂಬ ತತ್ವ ಅವನಿಗೆ ಅಂದು ಹೊಳೆಯಿತು.

ಎಂಟನೆಯ ದಿನ ಪರವೂರಿನಿಂದ ಷಡ್ಡಕ ಬಂದ, ಅಂದರೆ ಅಂದಾಜಪ್ಪನ ಹೆಂಡತಿಯ ತಂಗಿಯ ಗಂಡ. ತಂಗಿ ಅಳುತ್ತಾ ಒಳಗೆ ಓಡಿ ಅಮ್ಮನ ಮಗ್ಗುಲಲ್ಲಿ ಕೂತಳು. ಷಡ್ಡಕ ಮಾತ್ರ ಮುಖ ಬಾಡಿಸಿಕೊಂಡು ನೇರ ಕೊಟ್ಟಿಗೆಗೆ ನಡೆದ. ದುಃಖದಲ್ಲಿ ಪಾಲುಗೊಳ್ಳಲು ಬಂದವನ ಕೈಯಲ್ಲಿ ಹೊಸ ಹಗ್ಗ ಇತ್ತು.

"ಈ ಕೆಂಪಿ ಅಂದ್ರೆ ನಮ್ಮನೆಯವಳಿಗೆ ಚಿಕ್ಕಂದಿನಿಂದ ಪ್ರಾಣ ಅಣ್ಣಾ" ಎಂದ.

"ನೋಡ್ಕೊಂಡು ಹೋಗಲಿ, ಅದಕ್ಕೇನು" ಎಂದ ಅಂದಾಜಪ್ಪ.

"ನೋಡ್ಕೊಂಡು..." ಎಂದು ಷಡ್ಡಕ ಹಗ್ಗವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

ಹನ್ನೊಂದನೆಯ ದಿನ ಕಾಂಕ್ರೀಟು ಗಟ್ಟಿಯಾಗಿ, ಹಲಗೆ ಬಿಚ್ಚಿ, ಹಿಡಿದು ಇಳಿಯಲು ಕಬ್ಬಿಣದ ಕಂಬಿ ಕೂರಿಸಿ ಮೇಸ್ತ್ರಿ ಕೈ ತೊಳೆದುಕೊಂಡ. ಸಂಜೆ ಹಾಲು ಕರೆಯುವ ಹೊತ್ತು. ಅತ್ತೆ ಸ್ನಾನ ಮಾಡಿ, ಪೆಟ್ಟಿಗೆಯ ತಳದಲ್ಲಿದ್ದ ನೀಲಿ ಸೀರೆ ಉಟ್ಟು, ಇಬ್ಬರು ಹೆಣ್ಣುಮಕ್ಕಳನ್ನೂ ಎರಡು ಕಡೆ ಹಿಡಿದುಕೊಂಡು ಹಿತ್ತಲಿಗೆ ಬಂದರು. ಸುದ್ದಿ ತಿಳಿದು ಸಿಮೆಂಟ್ ಅಂಗಡಿಯವನು ಬಂದಿದ್ದ. ದರ್ಜಿಯ ಹೆಂಡತಿ ಬೇಲಿಯ ಹತ್ತಿರ ನಿಂತಿದ್ದಳು. ಗುಮಾಸ್ತ ನಮೂನೆ ಹಿಡಿದಿದ್ದ.

ಅತ್ತೆ ಗುಂಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಚೆನ್ನಾಗಿ ಕಟ್ಟಿಸಿದೀರಿ ಅಳಿಯಂದಿರೇ. ಹಸುಗಳ ಕಾಲ ಬುಡದಲ್ಲೇ. ನಾನು ಬಾಯಿಬಿಟ್ಟು ಕೇಳಿರ್ಲಿಲ್ಲ. ನೀವೇ ತಿಳ್ಕೊಂಡ್ರಿ."

ಹನ್ನೆರಡು ವರ್ಷದಲ್ಲಿ ಅತ್ತೆಯ ಬಾಯಿಂದ ಬಂದ ಮೊದಲ ಹೊಗಳಿಕೆ. ಅಂದಾಜಪ್ಪನ ಕಣ್ಣಲ್ಲಿ ನೀರು ನೋಡಿ ನೆರೆದವರೂ ಅತ್ತರು.

"ಉದ್ದ ಒಂಚೂರು ಹೆಚ್ಚಾಯ್ತೇನೋ" ಎಂದರು ಅತ್ತೆ.

"ಓಡಾಡೋಕೆ ಜಾಗ ಬೇಕಲ್ಲ ಅತ್ತೆ."

"ಇನ್ನು ನಾನೆಲ್ಲಿ ಓಡಾಡ್ಲಪ್ಪ."

"ಈ ತುದಿಯಿಂದ ಆ ತುದಿಗೆ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ."

"ಅಯ್ಯೋ, ದಿನಕ್ಕೆ ಎರಡು ಸಲಾನಾ!" ಎಂದಳು ಬೇಲಿಯ ಹತ್ತಿರದಿಂದ ದರ್ಜಿಯ ಹೆಂಡತಿ. ಅವಳ ಮನೆ ಪಕ್ಕದಲ್ಲೇ ಇತ್ತು.

"ಆ ಕೊಳವೆ ಯಾಕೆ?"

"ನೀರು ನಿಲ್ಲಬಾರದು ನೋಡಿ. ನಿಮಗೆ ಕಾಲು ತಣ್ಣಗಾಗುತ್ತೆ."

"ಆಗಲೇಬೇಕಲ್ಲ" ಎಂದು ಅತ್ತೆ ನಿಟ್ಟುಸಿರಿಟ್ಟರು. ಆಮೇಲೆ ಅವರ ದೃಷ್ಟಿ ಮೂಲೆಗೆ ಹೋಯಿತು. "ಈ ಮೆಟ್ಟಿಲು?"

"ಮತ್ತೆ ಮೇಲಕ್ಕೆ ಬರೋದು ಬೇಡ್ವಾ ಅತ್ತೆ?"

ಹಿತ್ತಲಿನಲ್ಲಿ ಹಸುಗಳು ಮೆಲುಕು ಹಾಕುವುದು ಕೂಡ ನಿಂತಿತು.

"ಮೇಲಕ್ಕೆ?" ಎಂದರು ಅತ್ತೆ. "ಯಾರು ಬರೋದು?"

"ನೀವೇ. ಕರೆದು ಮುಗಿದ ಮೇಲೂ ಗುಂಡೀಲೇ ನಿಂತಿರ್ತೀರಾ? ಕಾಫಿಗೆ ಮೇಲೆ ಬರೋದಿಲ್ವಾ?"

"ಏನು ಕರೆಯೋದು?"

"ಹಾಲು ಅತ್ತೆ! ಇನ್ನೇನು ಕರೀತಾರೆ?"

ಅತ್ತೆ ಗುಂಡಿಯನ್ನು ನೋಡಿದರು. ಅಳಿಯನನ್ನು ನೋಡಿದರು. ಸುತ್ತ ನೆರೆದವರನ್ನು ಒಬ್ಬೊಬ್ಬರನ್ನಾಗಿ, ನಿಧಾನವಾಗಿ ನೋಡಿದರು. ಆ ನೋಟ ತಲುಪುವ ಮುಂಚೆಯೇ ಸಿಮೆಂಟ್ ಅಂಗಡಿಯವನಿಗೆ ಅಂಗಡಿಗೆ ಬೀಗ ಹಾಕದೆ ಬಂದದ್ದು ನೆನಪಾಯಿತು. ಗುಮಾಸ್ತ ನಮೂನೆಯನ್ನು ನಾಲ್ಕಾಗಿ ಮಡಿಸಿ, ಎಂಟಾಗಿ ಮಡಿಸಿ, ಇನ್ನು ಮಡಿಸಲಾರದೆ ಜೇಬಿಗೆ ತುರುಕಿದ. ಷಡ್ಡಕ ಹಗ್ಗವನ್ನು ಬೆನ್ನ ಹಿಂದೆ ಅಡಗಿಸಿದ.

"ಕೊಡಿ ಇಲ್ಲಿ" ಎಂದರು ಅತ್ತೆ. "ಕರುವಿಗೆ ಒಂದು ಹಗ್ಗ ಬೇಕಾಗಿತ್ತು."

ಕೊಟ್ಟ.

"ಹಾಗಾದ್ರೆ ನಾನು ಕೇಳಿದ ಕ್ಷಮೆ?" ಎಂದಳು ದರ್ಜಿಯ ಹೆಂಡತಿ ಕಂಗಾಲಾಗಿ.

"ಬೇಕಾದ್ರೆ ವಾಪಸ್ ತಗೊಂಡ್ಹೋಗು. ನಾನಿನ್ನೂ ಖರ್ಚು ಮಾಡಿಲ್ಲ."

ಆಮೇಲೆ ಅಳಿಯನ ಕಡೆ ತಿರುಗಿದರು. "ನಾನು ಇಳಿಯಲ್ಲ. ಹೇಳದೆ ಕೇಳದೆ, ಬೆನ್ನ ಹಿಂದೆ ಅಳತೆ ತಗೊಂಡು! ನಾಲ್ಕು ದಿನ ನಾನು ಎಲ್ಲರ ಹತ್ರ ಹೋಗ್ಬರ್ತೀನಿ ಅಂತ ಹೇಳ್ಕೊಂಡು ಬಂದೆ. ಆ ಮುದುಕಿ ಹಸೂಗೂ ಹೇಳಿದೆ."

ಅಂದಾಜಪ್ಪ ಜೇಬಿನಲ್ಲಿದ್ದ ಟೇಪು ಹೊರಗೆಳೆದ, ಒಳಗೆ ಬಿಟ್ಟ. "ಮಂಡಿ ಬೇಕೋ ಹಸು ಬೇಕೋ ಅಂತ ಡಾಕ್ಟ್ರು ಕೇಳಿದ್ರಲ್ಲ ಅತ್ತೆ. ಎರಡೂ ಇರ್ಲಿ ಅಂತ ನಾನು..." ಎಂದು ನಿಲ್ಲಿಸಿದ.

ಹೊತ್ತು ಮೀರಿತ್ತು. ಕೊಟ್ಟಿಗೆಯಿಂದ ಚುಕ್ಕಿ ಅಂಬಾ ಎಂದಿತು. ಅದರ ಕೆಚ್ಚಲು ಬಿಗಿದಿದೆ ಎಂದು ಆ ದನಿಯಲ್ಲೇ ಅತ್ತೆಗೆ ತಿಳಿಯುತ್ತಿತ್ತು. ಇನ್ನೊಮ್ಮೆ ಕೂಗಿತು. ಅತ್ತೆ ನೀಲಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಅದನ್ನ ಹೊಡ್ಕೊಂಡು ಬನ್ನಿ. ಇವತ್ತು ಒಂದು ದಿನ ಮಾತ್ರ" ಎಂದು ಕಂಬಿ ಹಿಡಿದು ಇಳಿದರು.

ಹೊಸ ಜಾಗ ಕಂಡು ಚುಕ್ಕಿ ಬೆದರಿ ಕಾಲು ಕೊಡವಿತು. ಗುಂಡಿಯೊಳಗಿನಿಂದ ದನಿ ಬಂತು: "ನಿಲ್ಲೇ. ಇಲ್ಲೇ ಇದೀನಿ, ಸತ್ತಿಲ್ಲ." ಹಸು ನಿಂತಿತು. ಅತ್ತೆ ಕೈ ಚಾಚಿದರು. ಕೂರಲಿಲ್ಲ. ಹಾಲು ಪಾತ್ರೆಗೆ ಬೀಳುವ ಸದ್ದು ಬಂತು, ಜೊತೆಗೆ ಚುಕ್ಕಿಗೆ ಬೇಕಾದ ಮಾತು. ಆ ಸಂಜೆ ಮಾತಿಗೆ ಬರವಿರಲಿಲ್ಲ. ಸಿಮೆಂಟ್ ಅಂಗಡಿಯವನಿಂದ ಹಿಡಿದು ಒಬ್ಬರನ್ನೂ ಬಿಡದೆ ಬೈದರು. ಚುಕ್ಕಿ ಅಂದು ಯಾವತ್ತಿಗಿಂತ ಹೆಚ್ಚು ಹಾಲು ಕೊಟ್ಟಿತು. ಹನ್ನೊಂದನೆಯದು ಮುದುಕಿ ಹಸು. ಅದರ ಖಾಲಿ ಕೆಚ್ಚಲನ್ನು ಮುಟ್ಟಿ, ಅತ್ತೆ ಮೆಟ್ಟಿಲು ಹತ್ತಿ ಮೇಲೆ ಬಂದರು. "ಅಯ್ಯಮ್ಮಾ" ಎನ್ನಲು ಮರೆತಿದ್ದರು.

ಅಲ್ಲಿಗೆ ಎಲ್ಲ ಮುಗಿಯಿತೆಂದು ಅಂದಾಜಪ್ಪ ತಿಳಿದ. ಆ 'ಒಂದು ದಿನ' ಒಂದು ತಿಂಗಳಾಗಿತ್ತು, ಅತ್ತೆ ಒಂದು ಬೆಳಿಗ್ಗೆ ಗುಂಡಿಯಿಂದ ಕೂಗಿದರು.

"ಅಳಿಯಂದಿರೇ! ನಿಮ್ಮ ಗುಂಡಿ ಮೇಲೆ ಬರ್ತಾ ಇದೆ. ಮೊದಲು ಕೆಚ್ಚಲು ಕೈಗೆ ಸರಿಯಾಗಿ ಸಿಗ್ತಿತ್ತು. ಈಗ ಮತ್ತೆ ಬಗ್ಗಬೇಕಾಗಿದೆ."

ಮೇಸ್ತ್ರಿಯನ್ನು ಕರೆಸಿದರು. ಅವನು ಕಾಂಕ್ರೀಟು ತಟ್ಟಿ ನೋಡಿ ತಲೆಯಾಡಿಸಿದ. ಸಿಮೆಂಟ್ ಅಂಗಡಿಯವನು ಓಡಿ ಬಂದು, ತನ್ನ ಸಿಮೆಂಟು ಇಳಿಯಬಹುದೇ ಹೊರತು ಉಬ್ಬುವ ಜಾತಿಯದಲ್ಲ ಎಂದು ಆಣೆ ಮಾಡಿದ. ಅಂದಾಜಪ್ಪ ಟೇಪು ಇಳಿಬಿಟ್ಟ. ಎರಡು ಅಡಿ ಎಂಟು ಅಂಗುಲ, ಕೂದಲೆಳೆ ವ್ಯತ್ಯಾಸವಿಲ್ಲ. ಮೂವರೂ ಗುಂಡಿಯ ಸುತ್ತ ಕೈಕಟ್ಟಿ ನಿಂತರು.

"ಅಂದಾಜಪ್ಪ ಅಂತ ಊರು ಸುಮ್ನೆ ಕರೆಯಲ್ಲ" ಎಂದು ಅತ್ತೆ ಮೆಟ್ಟಿಲು ಹತ್ತಿ ಬಂದು, ಪಾತ್ರೆಯನ್ನು ಕೊಕ್ಕೆಗೆ ತಗಲಿಸಲು ಕಂಬದ ಪಕ್ಕ ನೆಟ್ಟಗೆ ನಿಂತರು.

ಅಂದಾಜಪ್ಪ ಕಂಬ ನೋಡಿದ. ಪೆನ್ಸಿಲಿನ ಗೆರೆ ಇದ್ದಲ್ಲೇ ಇತ್ತು. ಆದರೆ ಅದು ಅತ್ತೆಯ ನೆತ್ತಿಯ ಹತ್ತಿರ ಇರಲಿಲ್ಲ; ಹಣೆಯ ಮಟ್ಟಕ್ಕೆ ಬಂದಿತ್ತು. ಅವನು ಬೆರಳಿಟ್ಟು ಎಣಿಸಿದ. ಗೆರೆಯಿಂದ ನೆತ್ತಿಗೆ ನಾಲ್ಕು ಬೆರಳು.

"ಅಳತೆ ಸರಿಯಾಗೇ ತಗೊಂಡಿದ್ದೆ ಅತ್ತೆ" ಎಂದ ಮೆಲ್ಲನೆ. "ಅವತ್ತು ನೀವು ಇಷ್ಟೇ ಇದ್ರಿ."

ಅತ್ತೆ ತಿರುಗಿ ಗೆರೆಯನ್ನು ನೋಡಿದರು. ಹೆಬ್ಬೆರಳಿನಿಂದ ಅದನ್ನು ಒಮ್ಮೆ ಒರೆಸಿದರು, ಅಳಿಸಲಿಲ್ಲ. ಮೇಸ್ತ್ರಿ ಹಾರೆ ಹಿಡಿದು ಯಾರಾದರೂ ಏನಾದರೂ ಹೇಳಲಿ ಎಂದು ಕಾಯುತ್ತಿದ್ದ.

"ಏನು ನೋಡ್ತೀಯ ಮೇಸ್ತ್ರಿ, ಇನ್ನೂ ನಾಲ್ಕು ಬೆರಳು ತೋಡು" ಎಂದರು ಅತ್ತೆ. "ನೀವೆಲ್ಲ ಸೇರಿ ಹೂಳೋಕೆ ಬಂದ್ರಿ, ನಾನಿನ್ನೂ ಬೆಳೀತಾ ಇದೀನಿ."